ಬಾಗಿಲಲ್ಲಿ ಕೇಳಿದ್ದು, ಸಭೆಯಲ್ಲಿ ಹೇಳಿದ್ದು

ಹೋದ ತಿಂಗಳು ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಏಸುಸ್ವಾಮಿಯ ಸುದ್ದಿ ಹೇಳಲು ಹೊಸದಾಗಿ ಮನೆ ಭೇಟಿಗೆ ಹೊರಡುವ ಹುಡುಗ ಹುಡುಗಿಯರಿಗೆ ಒಂದು ತರಬೇತಿ ಇಟ್ಟಿದ್ದರು. ಹಳಬಳೆಂದು ನನ್ನನ್ನೂ ಕರೆಸಿ, ಶಾಲು ಹೊದಿಸಿ, ಮೈಕು ಕೈಗೆ ಕೊಟ್ಟರು. ನಾಯಿ ಅಟ್ಟಿಸಿಕೊಂಡು ಬಂದದ್ದು, ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬಸ್ ಹತ್ತಿದ್ದು, ಇಂಥವನ್ನೇ ಹೇಳಿ ಎಲ್ಲರನ್ನೂ ನಗಿಸಿ ಇಳಿದೆ. ಊಟದ ಹೊತ್ತಿಗೆ ಒಬ್ಬ ಹುಡುಗಿ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದು ಕೂತಳು. "ಆಂಟಿ, ಜನ ಬಾಗಿಲು ತೆಗ್ದು ಒಳಗೆ ಕರ್ದು ಅವ್ರ ಕಷ್ಟ ಎಲ್ಲ ಹೇಳ್ಕೊಂಡ್ರೆ ಏನ್ ಮಾಡ್ಬೇಕು?" ಎಂದು ಕೇಳಿದಳು. ನಾನು ತಟ್ಟೆಯನ್ನೇ ನೋಡುತ್ತಾ, "ಪ್ರಾರ್ಥನೆ ಮಾಡಮ್ಮ" ಎಂದೆ. ಅಷ್ಟು ಹೇಳಿ ತಪ್ಪಿಸಿಕೊಂಡೆ. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ದಯಾಮಣಿ. ವಿಜಯನಗರದ ಒಂದು ಸಣ್ಣ ಸಭೆಯಲ್ಲಿ ಮನೆ ಭೇಟಿಯ ಕೆಲಸಕ್ಕೆಂದೇ ಸಂಬಳಕ್ಕಿದ್ದವಳು ನಾನೊಬ್ಬಳೇ. ಉಳಿದವರೆಲ್ಲ ಸ್ವಯಂಸೇವಕರು. ಗಂಡನನ್ನು ಕೆಲಸಕ್ಕೆ, ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ಹೆಂಗಸರು, ಪೆನ್ಷನ್ ಬರುವ ಗಂಡಸರು, ರಜೆಯಲ್ಲಿರುವ ಕಾಲೇಜು ಮಕ್ಕಳು. ಯಾರು ಯಾವ ರಸ್ತೆಗೆ, ಯಾರ ಜೊತೆ ಯಾರು ಎಂದು ಜೋಡಿ ಮಾಡಿ ಕಳಿಸುವುದು ನನ್ನ ಕೆಲಸ. ನನಗೆ ಜೋಡಿಯಾಗಿದ್ದವಳು ಮೇರಿಯಮ್ಮ. ನನಗಿಂತ ದೊಡ್ಡವಳು, ದಪ್ಪ, ಮೊಣಕಾಲು ನೋವಿನವಳು. ತಮಿಳು ಬೆರೆಸಿದ ಕನ್ನಡದಲ್ಲಿ ಮೆಲ್ಲಗೆ ಮಾತಾಡುವವಳು. ನಾನು ಮಾತಿನ ಮಲ್ಲಿ. ಬಾಗಿಲು ತೆರೆದರೆ ಸಾಕು, ಒಳಗಿನವರಿಗೆ ಉಸಿರಾಡಲು ಬಿಡುತ್ತಿರಲಿಲ್ಲ.

ಹೋಗುವ ಹೊತ್ತಿಗೂ ಒಂದು ಲೆಕ್ಕಾಚಾರವಿತ್ತು. ಬೆಳಗಿನ ತಿಂಡಿ ಪಾತ್ರೆ ತೊಳೆದಾದ ಮೇಲೆ, ಮಧ್ಯಾಹ್ನದ ಕುಕ್ಕರ್ ಕೂಗುವುದಕ್ಕೆ ಮುಂಚೆ. ಮಂಗಳವಾರ, ಶುಕ್ರವಾರ ಬೇಡ. ಅವತ್ತು ಮನೆಗಳಲ್ಲಿ ತಲೆಗೆ ನೀರು, ಪೂಜೆ, ಮಡಿ. ಹೋಗಿ ಬೆಲ್ ಒತ್ತಿದರೆ ಬೈಸಿಕೊಳ್ಳುವುದೇ. ರಂಗೋಲಿ ತುಳಿಯಬಾರದು. ಕರೆಯದೆ ಹೊಸಿಲು ದಾಟಬಾರದು. ನೀರು ಕೊಟ್ಟರೆ ಕುಡಿಯಬೇಕು, ಬೇಡ ಎಂದರೆ ಅವರಿಗೆ ಅವಮಾನ. ಇವನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ, ಬೈಸಿಕೊಂಡು ಬೈಸಿಕೊಂಡು ಕಲಿತೆ. ಎರಡು ಸಾವಿರದ ಇಸವಿಯ ಹೊತ್ತಿಗೆ ಮನೆ ಮನೆಗೆ ಸೋಪಿನ ಪುಡಿ, ಫಿನಾಯಿಲ್ ಮಾರುವ ಹುಡುಗಿಯರ ಕಾಟ ಜೋರಾಗಿತ್ತು. ನಮ್ಮ ಕೈಚೀಲ ನೋಡಿದ ಕೂಡಲೇ ಕಿಟಕಿಯಿಂದಲೇ, "ಬೇಡಮ್ಮಾ, ಇದೆ ನಮ್ಮನೇಲಿ" ಎನ್ನುತ್ತಿದ್ದರು. "ನಾವು ಮಾರೋಕೆ ಬಂದಿಲ್ಲ ಆಂಟಿ" ಎಂದರೆ ಅವರಿಗೆ ಇನ್ನೂ ಅನುಮಾನ. ಮಾರುವುದಕ್ಕಲ್ಲದೆ ಬಿಸಿಲಲ್ಲಿ ಯಾರು ಬರುತ್ತಾರೆ?

ಬೈಗುಳದಲ್ಲಿ ಹೆಚ್ಚಿನವು ಮರೆತಿವೆ. ಒಂದು ಮಾತ್ರ ಇನ್ನೂ ಚುಚ್ಚುತ್ತದೆ. ರಾಜಾಜಿನಗರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ನನ್ನನ್ನು ತಡೆಯದೆ ಕೊನೆಯವರೆಗೂ ಕೇಳಿಸಿಕೊಂಡರು. ನಾನು ಪಾಪ, ಶಾಂತಿ, ರಕ್ಷಣೆ ಎಲ್ಲ ಮುಗಿಸಿ ಉಸಿರು ಬಿಟ್ಟೆ. ಅವರು, "ತಾಯಿ, ಇಷ್ಟೊತ್ತು ನನ್ನ ಮನೇಲಿ ಕೂತಿದೀರಿ. ನನ್ನ ಹೆಸರು ಕೇಳ್ಲಿಲ್ವಲ್ಲ" ಎಂದರು. ಮೇರಿಯಮ್ಮ ನೆಲ ನೋಡಿದಳು. ನಾನು ತಕ್ಷಣ, "ಹೇಳಿ ಸಾರ್, ಏನ್ ಹೆಸರು?" ಎಂದೆ. "ಇನ್ನು ಬೇಡ ಬಿಡಿ" ಎಂದು ಎದ್ದು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಬಸ್ ಸ್ಟಾಪಿನಲ್ಲಿ ನಾನು, "ಕಲ್ಲು ಹೃದಯ, ಇಂಥವರಿಗೆ ಎಷ್ಟು ಹೇಳಿದರೂ ಅಷ್ಟೇ" ಎಂದು ಗೊಣಗಿದ್ದೂ ನೆನಪಿದೆ. ನೋಡಿ, ನಾನು ಎಂಥವಳು!

ಪ್ರತಿ ಭಾನುವಾರ ಸಭೆಯಲ್ಲಿ ಆ ವಾರದ ಮನೆ ಭೇಟಿಯ ಸುದ್ದಿ ಹೇಳಬೇಕಿತ್ತು. ಅದನ್ನು ಸಾಕ್ಷಿ ಎನ್ನುತ್ತೇವೆ. ನಮ್ಮ ಪಾಸ್ಟರ್ ಕೆಟ್ಟವರಲ್ಲ. ಕಾಯಿಲೆ ಬಿದ್ದವರ ಮನೆಗೆ ಮೊದಲು ಓಡುವವರು ಅವರೇ. ಆದರೆ ವೇದಿಕೆ ಹತ್ತಿದರೆ ಅವರಿಗೆ ಸಾಕ್ಷಿ ಬೇಕು, ಜನ "ಹಲ್ಲೆಲೂಯ" ಎನ್ನಬೇಕು. "ದಯಾಮಣಿ ಸಿಸ್ಟರ್, ಈ ವಾರ ಕರ್ತರು ಏನ್ ಮಾಡಿದ್ರು?" ಎಂದು ಎಲ್ಲರೆದುರಿಗೆ ಕೇಳಿದರೆ, "ಈ ವಾರ ಏನೂ ಇಲ್ಲ ಪಾಸ್ಟರ್, ಬಾಗಿಲು ಹಾಕ್ಕೊಂಡ್ರು" ಎನ್ನಲು ಯಾರಿಗೆ ಬಾಯಿ ಬರುತ್ತದೆ? ಸಂಬಳ ತಿನ್ನುವವಳು ಬೇರೆ ನಾನು.

ಬಸವೇಶ್ವರನಗರದಲ್ಲಿ ಒಬ್ಬರು ಅಜ್ಜಿ ಇದ್ದರು. ಹೊಸ ವರ್ಷಕ್ಕೆ ನಮ್ಮ ಸಭೆಯ ಕ್ಯಾಲೆಂಡರ್ ಕೊಟ್ಟಿದ್ದೆವು, ಏಸುಸ್ವಾಮಿ ಕುರಿಮರಿ ಎತ್ತಿಕೊಂಡಿರುವ ಚಿತ್ರದ್ದು. ಮುಂದಿನ ಸಲ ಹೋದಾಗ ನೋಡಿದರೆ ಅಜ್ಜಿ ಚಿತ್ರವನ್ನು ಕತ್ತರಿಸಿ ದೇವರ ಗೂಡಿನಲ್ಲಿ ವೆಂಕಟರಮಣನಿಗೂ ಲಕ್ಷ್ಮಿಗೂ ನಡುವೆ ಇಟ್ಟಿದ್ದಾರೆ. ಹಣೆಗೆ ಕುಂಕುಮ, ಮೇಲೊಂದು ಸೇವಂತಿಗೆ. "ಇವ್ನೂ ಇರ್ಲಿ ಬಿಡಮ್ಮ, ಜಾಗ ಇದೆ" ಎಂದರು. ಎಷ್ಟು ಚೆಂದದ ಮಾತು. ಭಾನುವಾರ ನಾನು ಎದ್ದು ನಿಂತು, ಬಸವೇಶ್ವರನಗರದಲ್ಲಿ ಒಂದು ಮನೆ ಕರ್ತನನ್ನು ಒಪ್ಪಿಕೊಂಡಿತು ಎಂದೆ. ವೆಂಕಟರಮಣನ ಸುದ್ದಿ ಎತ್ತಲಿಲ್ಲ. ಜನ ಕೈ ಎತ್ತಿ ಸ್ತುತಿಸಿದರು. ಪಕ್ಕದಲ್ಲಿದ್ದ ಮೇರಿಯಮ್ಮ ಮಾತ್ರ ನನ್ನ ಸೆರಗು ಜಗ್ಗಿ, "ಎನ್ನಮ್ಮಾ ಇದು, ದಯಾ?" ಎಂದಳು. ಮುಂದೆ ನಾನು ಮಾಡಿದ್ದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ನನ್ನ ನಾಲಿಗೆಗೆ ಅಭ್ಯಾಸವಾದದ್ದು ಹೀಗೆ.

ಆ ದಶಕದ ಕೊನೆಯ ಹೊತ್ತಿಗೆ ವಾತಾವರಣ ಬದಲಾಯಿತು. ಮತಾಂತರ ಮಾಡುತ್ತಾರೆಂದು ನಮ್ಮಂಥವರ ಮೇಲೆ ಅಲ್ಲಿ ಇಲ್ಲಿ ಗಲಾಟೆಯ ಸುದ್ದಿ. ದೀಪಾಂಜಲಿ ನಗರದಲ್ಲಿ ಒಮ್ಮೆ ಒಂದಷ್ಟು ಯುವಕರು ಅಡ್ಡ ನಿಂತು, "ಏನ್ ಹಂಚ್ತಾ ಇದೀರಾ, ತೋರ್ಸಿ" ಎಂದು ಚೀಲ ಕಿತ್ತುಕೊಂಡರು. ಮೇರಿಯಮ್ಮ, "ತಗೋಪ್ಪಾ, ಓದು, ಓದಿ ವಾಪಸ್ ಕೊಡು" ಎಂದದ್ದಕ್ಕೆ ಅವರಲ್ಲೊಬ್ಬ ನಕ್ಕುಬಿಟ್ಟ, ಹಾಗಾಗಿ ಬಚಾವಾದೆವು. ಪಾಸ್ಟರ್ ಹೆದರಿದರು. ಇನ್ನು ಮೇಲೆ ಕರಪತ್ರ ಬೇಡ, ಬರಿಗೈಯಲ್ಲಿ ಹೋಗಿ, ಮನೆಯಲ್ಲಿ ಏನಾದರೂ ಕಷ್ಟ ಇದೆಯಾ ಎಂದು ಕೇಳಿ, ಇದ್ದರೆ ಪ್ರಾರ್ಥನೆ ಮಾಡಿ ಬನ್ನಿ ಎಂದರು.

ಇಷ್ಟು ವರ್ಷ ನಾವು ಮಾತಾಡುತ್ತಿದ್ದೆವು, ಬಾಗಿಲು ಮುಚ್ಚುತ್ತಿದ್ದವು. ಈಗ ಕೇಳತೊಡಗಿದೆವು, ಬಾಗಿಲು ತೆರೆಯತೊಡಗಿದವು. ಕುಡಿಯುವ ಗಂಡ, ಮಕ್ಕಳಾಗದ ಸೊಸೆ, ಮಾತು ಬಿಟ್ಟ ಮಗ. ಪಕ್ಕದ ಮನೆಯವರಿಗೆ ಹೇಳದ್ದನ್ನು, ಒಡಹುಟ್ಟಿದವರಿಗೆ ಹೇಳದ್ದನ್ನು ನಮ್ಮ ಮುಂದೆ ಸುರಿಯುತ್ತಿದ್ದರು. ಹುಬ್ಬಳ್ಳಿ ಕಡೆಯಿಂದ ಬಂದು ಬಾಡಿಗೆಗಿದ್ದ ಒಬ್ಬ ಹೆಣ್ಣುಮಗಳು ಬಿಸಿ ರೊಟ್ಟಿ ಕೈಗಿಟ್ಟು, "ನೀವ್ ನಮ್ ಮಂದಿ ಅಲ್ರೀ, ಅದಕ್ಕ ನಿಮ್ ಮುಂದ ಹೇಳಾಕ ಧೈರ್ಯ ಬರ್ತೈತಿ" ಎಂದಳು. ನಾವು ಅವರ ಜಾತಿಯಲ್ಲ, ನೆಂಟರಲ್ಲ, ಮದುವೆ ಮುಂಜಿಗಳಲ್ಲಿ ಎದುರಾಗುವವರಲ್ಲ. ನಮಗೆ ಹೇಳಿದರೆ ಬಾವಿಗೆ ಹಾಕಿದ ಹಾಗೆ ಎಂದು ನಂಬಿದ್ದರು. ಆ ನಂಬಿಕೆಗೆ ತಕ್ಕವಳಲ್ಲ ನಾನು ಎಂಬುದು ಅವರಿಗೇನು ಗೊತ್ತು?

ಜಯಕ್ಕನ ಪರಿಚಯವಾದದ್ದು ಆಗಲೇ. ಅತ್ತಿಗುಪ್ಪೆಯ ಹಳೇ ಒಕ್ಕಲು ಮನೆತನ. ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಪವಿತ್ರ, ಹತ್ತಿರದ ಶಿಶುವಿಹಾರದಲ್ಲಿ ಟೀಚರ್. ಜಯಕ್ಕ ನಮ್ಮ ದೇವರ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು, ಮಜ್ಜಿಗೆ ಮಾತ್ರ ತಪ್ಪದೆ ಕೊಡುತ್ತಿದ್ದರು. "ಕೂತ್ಕೊಳಿ, ಬಿಸ್ಲಲ್ಲಿ ಬಂದಿದೀರ. ನಿಮ್ ದೇವ್ರ ವಿಷ್ಯ ಆಮೇಲೆ ಹೇಳೀರಂತೆ" ಎನ್ನುತ್ತಿದ್ದರು. ಅವರ ಮನೆಗೆ ಹೋಗುವುದೆಂದರೆ ನನಗೆ ತವರಿಗೆ ಹೋದಷ್ಟೇ ಖುಷಿ.

ಒಂದು ದಿನ ನಾನು ಎಂದಿನಂತೆ, "ಏನಾದ್ರೂ ಕಷ್ಟ ಇದ್ರೆ ಹೇಳಿ ಜಯಕ್ಕ, ಪ್ರಾರ್ಥನೆ ಮಾಡ್ತೀವಿ" ಎಂದೆ. ಅವರು ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಂದರು. ಪವಿತ್ರನಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತಂತೆ. ಊರಾಚೆಯ ಆಸ್ಪತ್ರೆಗೆ ಕದ್ದು ಕದ್ದು ಕರೆದೊಯ್ದು ಔಷಧ ಕೊಡಿಸಿದ್ದರು. ನಿಂತು ಎಷ್ಟೋ ವರ್ಷವಾಗಿದೆ, ಡಾಕ್ಟರೇ ಮಾತ್ರೆಯನ್ನೂ ನಿಲ್ಲಿಸಿದ್ದಾರೆ. ಆದರೂ ತಾಯಿಗೆ ಹೆದರಿಕೆ. "ಗಂಡು ನೋಡ್ತಾ ಇದೀವಿ ದಯಾಮಣಿ. ಮದ್ವೆ ಮಂಟಪದಲ್ಲಿ ಏನಾದ್ರೂ ಆಗ್ಬಿಟ್ರೆ? ಇದು ನನ್ ತಮ್ಮನ ಹೆಂಡ್ತಿ ರತ್ನನ್ ಬಿಟ್ರೆ ಇನ್ನೊಬ್ರಿಗೆ ಗೊತ್ತಿಲ್ಲ. ಅವ್ಳೇ ಜೊತೇಲಿ ಆಸ್ಪತ್ರೆಗೆ ಬರ್ತಾ ಇದ್ದಿದ್ದು. ಈಗ ನಿಮ್ಗೆ ಹೇಳಿದೀನಿ" ಎಂದು ಕಣ್ಣೊರೆಸಿಕೊಂಡರು. ಮೇರಿಯಮ್ಮ ಅವರ ಕೈ ಹಿಡಿದುಕೊಂಡಳು. ನಾನು ಪ್ರಾರ್ಥಿಸಿದೆ. ಆ ಪ್ರಾರ್ಥನೆ ಮಾತ್ರ ನಿಜವಾಗಿ ಹೊಟ್ಟೆಯೊಳಗಿಂದ ಬಂದದ್ದು. ಅದನ್ನಾದರೂ ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ.

ಕೆಲವು ತಿಂಗಳು ಕಳೆದವು. ಒಂದು ಭಾನುವಾರ ಬೇರೆ ಊರಿನಿಂದ ಒಬ್ಬ ದೊಡ್ಡ ಬೋಧಕರು ಬಂದಿದ್ದರು. ಪಾಸ್ಟರ್ ಅವರ ಮುಂದೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಹೇಳಲು ಏನೂ ಇರಲಿಲ್ಲ. ಬಾಯಿ ತೆರೆದೆ, ಪವಿತ್ರನ ಕಥೆ ಹೊರಬಂತು. ಹೆಸರು ಹೇಳಲಿಲ್ಲ. ಭಾರೀ ಜಾಣೆ ನಾನು! ಅತ್ತಿಗುಪ್ಪೆಯ ಒಬ್ಬ ವಿಧವೆ ತಾಯಿ, ಬಾಡಿಗೆ ಮನೆಗಳಿರುವವರು, ಒಬ್ಬಳೇ ಮಗಳು, ಶಿಶುವಿಹಾರದ ಟೀಚರ್ ಎಂದೆ. ಇನ್ನು ಹೆಸರೊಂದು ಬಾಕಿ ಇತ್ತು ಅಷ್ಟೇ. ಅದಕ್ಕಿಂತ ಹೆಚ್ಚಾಗಿ, ನಾವು ಪ್ರಾರ್ಥನೆ ಮಾಡಿದ ದಿನವೇ ಆ ಹುಡುಗಿ ಮಾತ್ರೆ ಎಸೆದಳು, ಅಂದಿನಿಂದ ಫಿಟ್ಸ್ ಬಂದಿಲ್ಲ ಎಂದುಬಿಟ್ಟೆ. ಡಾಕ್ಟರ್ ಎಂದೋ ನಿಲ್ಲಿಸಿದ್ದ ಮಾತ್ರೆಯನ್ನು ನಾನು ಎಸೆಸಿದೆ. ಸಭೆ ಎದ್ದು ನಿಂತಿತು. ಬೋಧಕರು ಕಣ್ಣೀರು ಹಾಕಿದರು. ನನಗೂ ಅಳು ಬಂತು. ಆ ಕ್ಷಣಕ್ಕೆ ನಾನು ಹೇಳಿದ್ದನ್ನು ನಾನೇ ನಂಬಿದ್ದೆ.

ಹೊರಗೆ ಬಂದು ಬಸ್ಸಿಗೆ ನಿಂತಾಗ ಮೇರಿಯಮ್ಮ, "ಆಯಮ್ಮ ಬಾಗಿಲು ಹಾಕಿ ಹೇಳಿದ್ದು ಮಾ" ಎಂದಳು. "ಹೆಸರೆಲ್ಲಿ ಹೇಳ್ದೆ ನಾನು?" ಎಂದು ಅವಳ ಮೇಲೇ ರೇಗಿದೆ.

ಆ ಸಾಕ್ಷಿ ನಮ್ಮ ಸಭೆಯ ಹೆಮ್ಮೆಯಾಯಿತು. ಸ್ವಯಂಸೇವಕರು ಮನೆ ಮನೆಗೆ ಒಯ್ದರು. ನಾನೂ ಒಯ್ದೆ. ಮಲ್ಲತ್ತಹಳ್ಳಿ ಕೆರೆಯ ಹತ್ತಿರದ ಒಂದು ಮನೆಯಲ್ಲಿ ಹೇಳಿದಾಗ ಆ ಮನೆಯ ಹೆಂಗಸು ಕುತೂಹಲದಿಂದ, "ಅತ್ತಿಗುಪ್ಪೇಲಿ ಯಾರ ಮನೆ ಅಂದ್ರಿ?" ಎಂದು ಕೇಳಿದಳು. "ಅದೆಲ್ಲ ಹೇಳೋ ಹಾಗಿಲ್ಲಮ್ಮ" ಎಂದು ದೊಡ್ಡಸ್ತಿಕೆ ತೋರಿಸಿದೆ.

ಅದಾದ ಸ್ವಲ್ಪ ದಿನಕ್ಕೆ ಜಯಕ್ಕನ ಮನೆಗೆ ಹೋದರೆ ಮಜ್ಜಿಗೆಯ ಬದಲು ಪಾಯಸ. ಪವಿತ್ರನಿಗೆ ಗಂಡು ಗೊತ್ತಾಗಿತ್ತು. ಕೆಂಗೇರಿಯವರು, ಒಳ್ಳೆಯ ಮನೆತನ, ಹುಡುಗನಿಗೆ ಸರ್ಕಾರಿ ಕೆಲಸ. ಪವಿತ್ರ ಒಳಗಿನಿಂದ ಬಂದು, "ಆಂಟಿ, ಅವ್ರು ತುಂಬಾ ಕಡ್ಮೆ ಮಾತಾಡ್ತಾರೆ. ನಾನೇ ಮಾತಾಡ್ಬೇಕು" ಎಂದು ನಾಚಿ ನಕ್ಕಳು. ಆ ಹುಡುಗಿ ಅಷ್ಟು ಬಿಚ್ಚಿ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. "ಭಾನುವಾರ ಲಗ್ನಪತ್ರಿಕೆ ಬರ್ಸೋಕೆ ಬರ್ತಾರೆ. ಹುಡುಗನ ತಾಯಿ ಗಂಗಮ್ಮ ಅಂತ, ದೇವ್ರಂಥವ್ರು. ಅವ್ರ ತಂಗಿ ಮಲ್ಲತ್ತಹಳ್ಳಿ ಕೆರೆ ಹತ್ರಾನೇ ಇರೋದು, ಅವ್ರೂ ಬರ್ತಾರಂತೆ" ಎಂದರು ಜಯಕ್ಕ. ನಾನು ಪಾಯಸದ ಬಟ್ಟಲು ಕೆಳಗಿಟ್ಟೆ.

ಮಲ್ಲತ್ತಹಳ್ಳಿ ಕೆರೆಯ ಸುತ್ತ ಮನೆಗಳಿಗೇನು ಬರವೇ ಎಂದು ಮೇರಿಯಮ್ಮ ಸಮಾಧಾನ ಹೇಳಿದಳು. ನನಗೆ ನಿದ್ದೆ ಹತ್ತಲಿಲ್ಲ. ಸೋಮವಾರ ಅತ್ತಿಗುಪ್ಪೆಯಲ್ಲಿ ಜಯಕ್ಕನ ಬಾಡಿಗೆ ಮನೆಯಲ್ಲಿದ್ದ, ಹುಬ್ಬಳ್ಳಿ ಕಡೆಯ ಆ ಹೆಂಗಸು ಸಿಕ್ಕಳು. ನಿನ್ನೆ ಏನಾಯಿತು ಎಂದು ಕೇಳಿದೆ. "ಅಯ್ಯ, ಅವರು ಬರ್ಲೇ ಇಲ್ರೀ. ಅಡಿಗಿ ಎಲ್ಲಾ ಹಂಗ ಉಳೀತು. ಅಮ್ಮಾರು ಅಳಕೋತ ಕುಂತಿದ್ರು" ಎಂದಳು. ಆಯಿತು, ಎಲ್ಲ ಮುಗಿಯಿತು, ನನ್ನ ಬಾಯಿಂದಲೇ ಎಂದುಕೊಂಡೆ. ಜಯಕ್ಕನ ಮನೆಯ ಗೇಟಿನವರೆಗೂ ಹೋದೆ. ಅವರ ಮುಖ ನೋಡುವ ಧೈರ್ಯವಾಗದೆ ವಾಪಸ್ ತಿರುಗಿದೆ. ಆ ವಾರವಿಡೀ ಆ ರಸ್ತೆಯ ಕಡೆಗೇ ಹೋಗಲಿಲ್ಲ.

ಬರುವ ಭಾನುವಾರ ನಮ್ಮಲ್ಲಿ ಕರ್ತನ ಭೋಜನ, ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಯಾರಿಗಾದರೂ ಅನ್ಯಾಯ ಮಾಡಿದ್ದರೆ ಮೊದಲು ಹೋಗಿ ಅವರ ಜೊತೆ ಸರಿಮಾಡಿಕೊಂಡು ಬಂದು ಆಮೇಲೆ ಕೈ ಚಾಚಬೇಕು ಎಂಬುದು ನಮಗೆ ಚಿಕ್ಕಂದಿನಿಂದ ಬಂದ ಪಾಠ. ಪಾಸ್ಟರ್ ಬಳಿ ಎಲ್ಲ ಹೇಳಿಕೊಂಡೆ. "ಹೋಗಿ ಕ್ಷಮೆ ಕೇಳಿ ಸಿಸ್ಟರ್" ಎಂದರು. ಯಾರ ಹತ್ತಿರ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗೊತ್ತಿರುವ ವಿಷಯ ತಾನೇ, ಜಯಕ್ಕನ ಹತ್ತಿರ. ಆದರೆ ನನ್ನ ಮನಸ್ಸು ಇನ್ನೊಂದು ದಾರಿ ಹುಡುಕಿತು. ಜಯಕ್ಕನಿಗೆ ಹೇಳಿ ಏನು ಪ್ರಯೋಜನ, ಕೆಟ್ಟಿರುವುದು ಕೆಂಗೇರಿಯಲ್ಲಿ, ಅಲ್ಲಿಗೇ ಹೋಗಿ ಸರಿ ಮಾಡುತ್ತೇನೆ, ಮದುವೆ ಮತ್ತೆ ಕುದುರಿದ ಮೇಲೆ ಜಯಕ್ಕನ ಕಾಲು ಹಿಡಿದರಾಯಿತು ಎಂದುಕೊಂಡೆ.

"ಬೇಡ ದಯಾ. ಮೊದ್ಲು ಜಯಕ್ಕನ್ ಕೇಳು ಮಾ. ಅವರ ವಿಷಯ ಅದು" ಎಂದಳು ಮೇರಿಯಮ್ಮ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎಂದೆ. ಒಬ್ಬರೇ ಯಾರ ಮನೆಗೂ ಹೋಗಬಾರದು ಎಂದು ಎಷ್ಟು ಜನ ಸ್ವಯಂಸೇವಕರಿಗೆ ಪಾಠ ಹೇಳಿದ್ದೆನೋ. ಶನಿವಾರ ನಾನೊಬ್ಬಳೇ ಮೈಸೂರು ರಸ್ತೆಯ ಬಸ್ ಹತ್ತಿದೆ.

ಗಂಗಮ್ಮನವರ ಹೆಸರು ಹೇಳಿ ವಿಚಾರಿಸಿಕೊಂಡು ಹೋದೆ. ಕೆಂಗೇರಿಯ ಹಳೇ ಊರಿನ ಕಡೆ ಮನೆ. ಹಿತ್ತಲಲ್ಲಿ ಇನ್ನೂ ಎರಡು ಹಸು ಕಟ್ಟಿದ್ದರು, ಪಕ್ಕದಲ್ಲೇ ಎದ್ದು ನಿಂತ ಅಪಾರ್ಟ್‌ಮೆಂಟು. ಗಂಗಮ್ಮನವರೇ ಬಾಗಿಲು ತೆರೆದರು. ಜಯಕ್ಕನ ಕಡೆಯವಳು ಎಂದೆ. "ಬನ್ನಿ ಬನ್ನಿ, ನೆಂಟ್ರು ಅಂದ್ಮೇಲೆ ಬಾಗ್ಲಲ್ಲಿ ನಿಲ್ತಾರಾ?" ಎಂದು ಕೈ ಹಿಡಿದೇ ಒಳಗೆ ಕರೆದರು. ಕಾಫಿ ತಂದಿಟ್ಟರು. ನಾನು ಲೋಟ ಮುಟ್ಟದೆ ಶುರು ಮಾಡಿದೆ. ಮಲ್ಲತ್ತಹಳ್ಳಿಯ ನಿಮ್ಮ ತಂಗಿಗೆ ವಿಷಯ ಹೇಳಿದವಳು ನಾನೇ, ತಪ್ಪಾಯಿತು, ಆದರೆ ಆ ಹುಡುಗಿಗೆ ಇದ್ದದ್ದು ಈಗ ಇಲ್ಲ, ಪೂರ್ತಿ ವಾಸಿಯಾಗಿದೆ, ದಯವಿಟ್ಟು ಅದಕ್ಕಾಗಿ ಸಂಬಂಧ ಬಿಡಬೇಡಿ ಎಂದು ಒಂದೇ ಉಸಿರಿಗೆ ಹೇಳಿದೆ.

ಗಂಗಮ್ಮನವರು ನನ್ನನ್ನೇ ನೋಡಿದರು. "ಸಂಬಂಧ ಬಿಡೋದಾ? ಯಾರ್ ಹೇಳಿದ್ದು ಬಿಡ್ತೀವಿ ಅಂತ?"

"ಭಾನುವಾರ ನೀವು ಬರ್ಲಿಲ್ಲ ಅಂತ..."

"ಅಯ್ಯೋ, ಅವತ್ತು ಬೆಳಗ್ಗೆ ನಮ್ ದಾಯಾದೀಲಿ ಒಬ್ರು ಹೋಗ್ಬಿಟ್ರು. ಸೂತಕ. ಸೂತಕ ಕಳೀದೆ ಲಗ್ನಪತ್ರಿಕೆ ಬರ್ಸೋಕಾಗುತ್ತಾ? ಆ ಗಲಾಟೇಲಿ ಅವತ್ತೇ ತಿಳಿಸೋಕಾಗ್ಲಿಲ್ಲ, ಮಾರನೇ ದಿನ ಸಾಯಂಕಾಲಾನೇ ಜಯಮ್ಮಂಗೆ ಫೋನ್ ಮಾಡಿ ಹೇಳಿದೀವಲ್ಲ. ನನ್ ತಂಗಿ ಅಂತೂ ಏನೂ ಹೇಳಿಲ್ಲಮ್ಮ ನಂಗೆ." ಆಮೇಲೆ, "ಅದಿರ್ಲಿ, ಹುಡುಗೀಗೆ ಏನಿತ್ತು ಅಂದ್ರಿ?" ಎಂದರು.

ಸೂತಕ. ನಮ್ಮಲ್ಲಿ ಆ ಪದ್ಧತಿಯಿಲ್ಲ. ಸಾವಾದ ಮನೆಯವರು ಭಾನುವಾರ ಸಭೆಗೆ ಬಂದು ಹಾಡುತ್ತಾರೆ. ಇಷ್ಟು ವರ್ಷ ಹಿಂದೂಗಳ ಮನೆ ಹೊಸಿಲು ಸವೆಸಿದವಳಿಗೆ ಅದೊಂದು ಹೊಳೆಯಲಿಲ್ಲ. ಸೋಮವಾರ ಆ ಗೇಟು ತಳ್ಳಿ ಒಳಗೆ ಹೋಗಿ ಕಾದಿದ್ದರೆ, ಅಥವಾ ಆ ವಾರ ಒಂದೇ ಒಂದು ಸಲ ಜಯಕ್ಕನ ಎದುರು ನಿಂತಿದ್ದರೆ, ಎಲ್ಲ ತಿಳಿಯುತ್ತಿತ್ತು.

ಆಗಲೂ ಒಂದು ದಾರಿ ಇತ್ತು. ಚಿಕ್ಕಂದಿನಲ್ಲಿ ಟೈಫಾಯಿಡ್ ಬಂದಿತ್ತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಬಾರದು ಎಂಬ ನಿಷ್ಠೆ ನನಗೆ ಆಗಲೇ ನೆನಪಾಗಬೇಕೇ? ಸಭೆಯ ಮುಂದೆ ಮಾತ್ರೆ ಎಸೆಸುವಾಗ ಎಲ್ಲಿ ಹೋಗಿತ್ತು ಅದು? ನಾನು ಫಿಟ್ಸ್ ಎಂದೆ. ಎಷ್ಟು ವರ್ಷದ ಹಿಂದಿನದು, ಡಾಕ್ಟರ್ ಏನು ಹೇಳಿದ್ದಾರೆ, ಎಲ್ಲ ಬಿಡಿಸಿ ಹೇಳಿದೆ. ಹೇಳಿದಷ್ಟೂ ಗಂಗಮ್ಮನವರ ಮುಖ ಬಿಗಿಯಾಗುತ್ತಾ ಹೋಯಿತು. ಅವರು ಒಂದು ಕೆಟ್ಟ ಮಾತಾಡಲಿಲ್ಲ. "ಕಾಫಿ ಕುಡೀರಿ, ಆರೋಗುತ್ತೆ" ಎಂದರು. ನಾನು ಕುಡಿದೆ.

ಮುಂದಿನ ವಾರ ಹುಡುಗನ ಕಡೆಯಿಂದ, ಜಾತಕ ಇನ್ನೊಬ್ಬರ ಹತ್ತಿರ ತೋರಿಸಿದೆವು, ಕೂಡಿಬರಲಿಲ್ಲ ಎಂದು ಫೋನ್ ಬಂತು. ನನ್ನ ಹೆಸರನ್ನು ಗಂಗಮ್ಮನವರು ಎತ್ತಲೇ ಇಲ್ಲ. ಆದರೆ ಅವರ ಕಡೆಯ ಯಾರೋ ಒಬ್ಬರು, ಹುಡುಗಿಗೆ ಫಿಟ್ಸ್ ಇತ್ತಂತಲ್ಲ ಎಂದು ಜಯಕ್ಕನ ಮುಖಕ್ಕೇ ಅಂದರಂತೆ.

ನಾನು ಪಾಸ್ಟರ್ ಹತ್ತಿರ ಓಡಿದೆ. ಅವರು, "ಆಗಿದ್ದು ಆಯ್ತು ಸಿಸ್ಟರ್. ಈಗ ಸಭೆ ಹೆಸ್ರು ಹೊರಗೆ ಬಂದ್ರೆ ದೊಡ್ಡ ರಾದ್ಧಾಂತ ಆಗುತ್ತೆ. ಕಾಲ ಸರಿಯಿಲ್ಲ. ಪ್ರಾರ್ಥನೆ ಮಾಡಿ, ಸುಮ್ನಿರಿ" ಎಂದರು. ಅವರ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ ಎಂದು ಬರೆಯಬಹುದು. ನಿಜ ಅದಲ್ಲ. ನನಗೂ ಅದೇ ಬೇಕಾಗಿತ್ತು.

ಹೀಗೇ ಎಷ್ಟೋ ವಾರ ಕಳೆಯಿತು. ಕೊನೆಗೆ ಜಯಕ್ಕನೇ ಬಾಡಿಗೆ ಮನೆಯವಳ ಕೈಯಲ್ಲಿ ಹೇಳಿ ಕಳಿಸಿದರು. ಮೇರಿಯಮ್ಮನನ್ನು ಕರೆದುಕೊಂಡು ಹೋದೆ. ಜಯಕ್ಕ ಸೊರಗಿದ್ದರು. "ಎಲ್ಲಿ ಹೋಗ್ಬಿಟ್ರಿ ನೀವಿಬ್ರೂ? ಇಂಥ ಹೊತ್ತಲ್ಲಿ ಬರ್ಬಾರ್ದಾ?" ಎಂದು ನನ್ನ ಭುಜ ಹಿಡಿದು ಅತ್ತರು. ಆ ಕೈ ನನ್ನ ಭುಜದ ಮೇಲಿದ್ದಷ್ಟು ಹೊತ್ತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇದೆಲ್ಲ ರತ್ನನ ಕೆಲ್ಸ. ನಿಮ್ಮಿಬ್ರನ್ನ ಬಿಟ್ರೆ ಅವ್ಳೊಬ್ಳಿಗೇ ತಾನೇ ಗೊತ್ತಿದ್ದಿದ್ದು?" ಎಂದರು. ತಮ್ಮನ ಹೆಂಡತಿಯನ್ನು ಕರೆದು ಬಾಯಿಗೆ ಬಂದ ಹಾಗೆ ಬೈದಿದ್ದರಂತೆ. ಅವಳು ಮಕ್ಕಳ ಮೇಲೆ ಆಣೆ ಮಾಡಿದರೂ ನಂಬಿರಲಿಲ್ಲ. ತಮ್ಮನ ಮನೆಗೂ ಇವರಿಗೂ ಹೋಗಿಬರುವುದೇ ನಿಂತಿತ್ತು. ಪವಿತ್ರ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಕೆಲಸಕ್ಕೆ ಹೋಗುವುದನ್ನೂ ಬಿಟ್ಟಿದ್ದಳು.

ಜಯಕ್ಕ ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು. "ದಯಾಮಣಿ, ಒಂದು ಪ್ರಾರ್ಥನೆ ಮಾಡಿ. ನಿಮ್ ದೇವ್ರು ನಿಮ್ ಮಾತು ಕೇಳ್ತಾನೆ ಅಂತೀರಲ್ಲ. ಯಾರು ನನ್ ಮಗಳ ಬಾಳು ಹಾಳು ಮಾಡಿದ್ರೋ ಅವ್ರ ನಾಲ್ಗೆ ಬಿದ್ದೋಗ್ಲಿ ಅಂತ ಮಾಡಿ" ಎಂದು ಕೈ ಮುಗಿದು ಕಣ್ಣು ಮುಚ್ಚಿದರು.

ಮೇರಿಯಮ್ಮ ನನ್ನ ಕಡೆ ನೋಡಲಿಲ್ಲ. ನಾನು ಅಭ್ಯಾಸ ಬಲದಿಂದ ಕಣ್ಣು ಮುಚ್ಚಿ "ಕರ್ತನೇ" ಎಂದೆ. ಮುಂದೆ ಮಾತು ಹೊರಡಲಿಲ್ಲ. ಎಂಥ ಬಾಯಿ ನನ್ನದು, ಎಲ್ಲೂ ತಡವರಿಸದ ಬಾಯಿ.

"ಜಯಕ್ಕ, ರತ್ನ ಅಲ್ಲ. ನಾನು" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಸಭೆಯಲ್ಲಿ ಹೇಳಿದ್ದು, ಬೀದಿ ಬೀದಿಯಲ್ಲಿ ಹೇಳಿದ್ದು, ಕೆಂಗೇರಿಗೆ ಹೋದದ್ದು, ಕಾಫಿ ಕುಡಿದದ್ದು, ಎಲ್ಲವನ್ನೂ ಹೇಳಿದೆ. ಜಯಕ್ಕ ಕೂಗಾಡಲಿಲ್ಲ. ನಾನು ಮಾತು ಮುಗಿಸುವ ಮೊದಲೇ ಎದ್ದು ಫೋನಿನ ಹತ್ತಿರ ಹೋದರು. "ರತ್ನಾ, ನಾನ್ ಕಣೇ. ಇಡ್ಬೇಡ ಕಣೇ ಫೋನು, ಒಂದ್ ಮಾತು ಕೇಳು" ಎಂದವರು ಅಲ್ಲೇ ಗೋಡೆಗೆ ಹಣೆ ಒತ್ತಿಕೊಂಡು ಬಿಕ್ಕಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೇರಿಯಮ್ಮ ಮೆಲ್ಲಗೆ ಎದ್ದು ಅವರ ಬೆನ್ನು ಸವರುತ್ತಾ ನಿಂತಳು. ಅವಳ ಕೈಯನ್ನು ಅವರು ತಳ್ಳಲಿಲ್ಲ. ನಾನು ಹೊರಗೆ ಬಂದು ಚಪ್ಪಲಿ ಹುಡುಕಿದೆ.

ಹಿಂದೆಯೇ ಪವಿತ್ರ ಬಂದಳು. ಬೈಯುತ್ತಾಳೆ, ಬೈದರೆ ಬೈಸಿಕೊಳ್ಳೋಣ ಎಂದು ನಿಂತೆ. ಅವಳು ಹೊಸಿಲ ಮೇಲೆ ನಿಂತು ನನ್ನ ಮುಖವನ್ನೇ ನೋಡಿ ಮೆತ್ತಗೆ ಕೇಳಿದಳು.

"ಈಗ ನಿಮ್ ಮನಸ್ಸು ಹಗುರ ಆಯ್ತಾ, ಆಂಟಿ?"

ಉತ್ತರಕ್ಕೂ ಕಾಯದೆ ಅವಳು ಒಳಗೆ ಹೋದಳು. ಅವಳಿಗೆ ಆಮೇಲೆ ಏನಾಯಿತು ಎಂದು ನನಗೆ ಗೊತ್ತಿಲ್ಲ. ವಿಚಾರಿಸುವ ಮುಖ ನನಗಿರಲಿಲ್ಲ. ಕೆಲಸ ಬಿಡುವ ತನಕ ಇನ್ನೂ ಎಷ್ಟೋ ಮನೆಗಳಿಗೆ ಹೋದೆ, ಯಾರ ಕಷ್ಟವನ್ನೂ ಮತ್ತೆ ಸಭೆಗೆ ತರಲಿಲ್ಲ. ಪಾಸ್ಟರ್ ಕೇಳಿದಾಗ, ಹೇಳುವುದಕ್ಕೇನಿಲ್ಲ ಎಂದು ಎಲ್ಲರೆದುರಿಗೆ ಕೂತುಬಿಡುತ್ತಿದ್ದೆ. ಆದರೆ ಅವಳು ಕೇಳಿದ್ದಕ್ಕೆ ಅವತ್ತು ಉತ್ತರವಿರಲಿಲ್ಲವೆಂದಲ್ಲ. ಇತ್ತು. ಆ ಹುಡುಗಿಯ ಬಾಳು ಹಾಗೆ ಬಿದ್ದಿರುವಾಗ, ಅವಳ ಮನೆಯ ಮೆಟ್ಟಿಲ ಮೇಲೆಯೇ, ನನ್ನ ಮನಸ್ಸು ನಿಜವಾಗಿಯೂ ಹಗುರವಾಗಿತ್ತು.